ಉಂಗುರ ನೋಡಿ ಬಿಗಿ ಅಳೆಯಬಾರದು: ಕರಿಮದ್ದಿನ ರಿವಾಲ್ವರಿನ ಚೇಂಬರ್ ಮತ್ತು ಸೀಸದ ಗುಂಡು

ಮಲೆನಾಡಿನ ಕಡೆಯವರಿಗೆ ಕೇಪಿನ ಕೋವಿ ಹೊಸದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಅದರ ಮೇಲೆ ನಾರನ್ನೋ ಕಾಗದವನ್ನೋ ತುರುಕಿ ಗಜದಿಂದ ಜಡಿದು, ಆಮೇಲೆ ಚರೆ ಅಥವಾ ಗುಂಡು ಇಳಿಸಿ, ಕೊನೆಗೆ ಹಿಂಬದಿಯ ನಿಪ್ಪಲ್ಲಿಗೆ, ಅಂದರೆ ಮದ್ದಿಗೆ ಕಿಡಿ ಒಯ್ಯುವ ಮೊಟಕು ಕೊಳವೆಗೆ, ಕೇಪು ತೊಡಿಸುವ ಕ್ರಮವನ್ನು ಅಲ್ಲಿನ ಹಿರಿಯರು ಕಣ್ಣುಮುಚ್ಚಿ ಹೇಳುತ್ತಾರೆ. ಅಂಥ ಕೋವಿಯಲ್ಲಿ ಗುಂಡು ನಳಿಗೆಯ ಒಳ ಅಳತೆಗಿಂತ ತುಸು ಸಣ್ಣದಿರಬೇಕು, ಇಲ್ಲದಿದ್ದರೆ ನಳಿಗೆಯ ಉದ್ದಕ್ಕೂ ಅದನ್ನು ಗಜದಿಂದ ನೂಕಲಾಗುವುದಿಲ್ಲ. ಉಳಿದ ಸಂದನ್ನು ಬಟ್ಟೆಯೋ ನಾರೋ ತುಂಬುತ್ತದೆ. ಅದೇ ಕರಿಮದ್ದು, ಅದೇ ಬಗೆಯ ಕೇಪು ಬಳಸುವ ಹತ್ತೊಂಬತ್ತನೆಯ ಶತಮಾನದ ರಿವಾಲ್ವರಿನಲ್ಲಿ ಈ ಲೆಕ್ಕ ತಿರುವುಮುರುವು. ಅಲ್ಲಿ ಗುಂಡು ತಾನು ಕೂರಬೇಕಾದ ಚೇಂಬರಿಗಿಂತ, ಅಂದರೆ ತಿರುಗುವ ಸಿಲಿಂಡರಿನಲ್ಲಿ ಕೊರೆದ ತೂತಿಗಿಂತ, ದಪ್ಪವಾಗಿರುತ್ತದೆ, ಮತ್ತು ಅದನ್ನು ಬಲವಂತವಾಗಿ ಒಳಗೆ ಒತ್ತಲಾಗುತ್ತದೆ. ಒತ್ತುವಾಗ ಚೇಂಬರಿನ ಬಾಯಂಚು ಗುಂಡಿನ ಸುತ್ತಲಿನ ಹೆಚ್ಚುವರಿ ಸೀಸವನ್ನು ಹೆರೆದುಹಾಕುತ್ತದೆ. ಹೆರೆದ ಸೀಸ ತೆಳ್ಳನೆಯ ಉಂಗುರವಾಗಿ ಕಳಚಿ ಬೀಳುತ್ತದೆ. ಈ ಉಂಗುರದ ಬಗ್ಗೆ ಬಳಕೆದಾರರಲ್ಲಿ ಒಂದು ನಂಬಿಕೆಯಿದೆ: ಮುರಿಯದ ಪೂರ್ತಿ ಉಂಗುರ ಉದುರಿದರೆ ಗುಂಡು ಸರಿಯಾಗಿ ಕೂತಿದೆ, ಉಂಗುರ ದಪ್ಪವಾದಷ್ಟೂ ಬಿಗಿ ಹೆಚ್ಚು. ನಂಬಿಕೆಯ ಮೊದಲ ಅರ್ಧವನ್ನು ಬಹುಮಟ್ಟಿಗೆ ಒಪ್ಪಬಹುದು. ಎರಡನೆಯ ಅರ್ಧ ಲೆಕ್ಕಕ್ಕೂ ನಿಲ್ಲುವುದಿಲ್ಲ, ಪ್ರಯೋಗಕ್ಕೂ ನಿಲ್ಲುವುದಿಲ್ಲ.

ಇಷ್ಟಕ್ಕೂ ಪೀಣ್ಯದ ಟೂಲ್‌ರೂಮಿನಲ್ಲಿ ಡೈ ಮತ್ತು ಜಿಗ್‌ಗಳ ನಡುವೆ ಬದುಕು ಕಳೆದ ನನಗೆ ಈ ವಿಷಯ ಗಂಟುಬಿದ್ದದ್ದು ಅಮೆರಿಕದಲ್ಲಿರುವ ಭಾವಮೈದುನನಿಂದ. ಅವನು ಅಲ್ಲಿ ರೆಮಿಂಗ್ಟನ್ ಮಾದರಿಯ, ಇಟಲಿಯಲ್ಲಿ ತಯಾರಾದ ಪ್ರತಿಕೃತಿ ರಿವಾಲ್ವರೊಂದನ್ನು ಕೊಂಡಿದ್ದಾನೆ. ಅಂಗಡಿಯಲ್ಲಿ 0.451 ಇಂಚಿನ ಗುಂಡುಗಳೂ ಸಿಗುತ್ತವೆ, 0.454 ಇಂಚಿನವೂ ಸಿಗುತ್ತವೆ. "ಭಾವ, ನಿಮ್ಮ ಜೀವಮಾನವೆಲ್ಲ ಫಿಟ್ಟು, ಟಾಲರೆನ್ಸು ಅಂತಲೇ ಕಳೆದಿದ್ದೀರಿ, ಇವೆರಡರಲ್ಲಿ ಯಾವುದು ಸರಿ ಅಂತ ನೀವೇ ಹೇಳಿಬಿಡಿ" ಎಂದು ಫೋನಿನಲ್ಲಿ ಕೇಳಿದ. ಮೂರು ಥೌ (ಇಂಚಿನ ಸಾವಿರದ ಮೂರು ಭಾಗ) ವ್ಯತ್ಯಾಸ, ಅಂದರೆ ಸುಮಾರು 0.076 ಮಿಲಿಮೀಟರ್. ನಮ್ಮ ಕಸುಬಿನಲ್ಲಿ ಇದು ಸಣ್ಣ ಅಂತರವಲ್ಲ. ಒಂದು ಬೇರಿಂಗನ್ನು ಶಾಫ್ಟಿಗೆ ಕೂರಿಸುವಾಗ ಇಷ್ಟು ಹೆಚ್ಚಾದರೆ ಬೇರಿಂಗ್ ಕೆಡುತ್ತದೆ. ಆದರೆ ಬೇರಿಂಗ್ ಗಡಸು ಉಕ್ಕು, ಇದು ಸೀಸ. ಉಕ್ಕಿನ ಮೇಲೆ ಕಲಿತ ಪ್ರೆಸ್ ಫಿಟ್ಟಿನ ಕೋಷ್ಟಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅಲ್ಲಿ ಎರಡು ಲೋಹಗಳೂ ಒಂದನ್ನೊಂದು ಸ್ಪ್ರಿಂಗಿನ ಹಾಗೆ ಒತ್ತಿಕೊಂಡಿರುತ್ತವೆ. ಇಲ್ಲಿ ಒಂದು ಲೋಹ ಸುಮ್ಮನೆ ಸೋತು ಇನ್ನೊಂದರ ಆಕಾರ ತಾಳುತ್ತದೆ.

ಗುಂಡು ದಪ್ಪವಾಗಿರಬೇಕೆಂಬ ಪದ್ಧತಿ ಎಲ್ಲಿಂದ ಬಂತೆಂದು ನೋಡಿದರೆ ಎರಡು ದಾರಿಗಳು ಕಾಣುತ್ತವೆ. ಸ್ಯಾಮುಯೆಲ್ ಕೋಲ್ಟ್ ಅಮೆರಿಕದಲ್ಲಿ 1836ರಲ್ಲಿ ಪೇಟೆಂಟ್ ಪಡೆದ ರಿವಾಲ್ವರಿಗೆ 1839ರ ಹೊತ್ತಿಗೆ ನಳಿಗೆಯ ಕೆಳಗೆ ಒಂದು ಸನ್ನೆಯನ್ನು (ಲಿವರ್) ಜೋಡಿಸಲಾಯಿತು. ಆಮೇಲೆ ಬಂದ 1851ರ ನೇವಿ, 1860ರ ಆರ್ಮಿ ಮಾದರಿಗಳಲ್ಲಿಯೂ, ಬೀಲ್ಸ್‌ನ 1858ರ ಪೇಟೆಂಟಿನ ಮೇಲೆ ರೂಪುಗೊಂಡ ರೆಮಿಂಗ್ಟನ್ನಿನಲ್ಲಿಯೂ ಈ ಸನ್ನೆಯೇ ಗುಂಡನ್ನು ಒಳಗೆ ಒತ್ತುವ ಸಾಧನ. ಸನ್ನೆಯಿದ್ದುದರಿಂದಲೇ ದಪ್ಪ ಗುಂಡು ಸಾಧ್ಯವಾಯಿತು. ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ 1851ರಲ್ಲಿ ತಂದ ರಿವಾಲ್ವರಿಗೆ ಮೊದಮೊದಲು ಇಂಥ ಸನ್ನೆ ಇರಲಿಲ್ಲ. ಅದರ ಗುಂಡಿನ ಬುಡದಲ್ಲಿ ಒಂದು ಚೂಪು ಮೊಳೆಯಂಥದ್ದನ್ನು ಸೇರಿಸಿಯೇ ಎರಕ ಹೊಯ್ಯುತ್ತಿದ್ದರು, ಅದಕ್ಕೆ ಫೆಲ್ಟಿನ ಬಿಲ್ಲೆ ಚುಚ್ಚಿ, ಹೆಬ್ಬೆರಳಿನಿಂದಲೇ ಚೇಂಬರಿಗೆ ತಳ್ಳುತ್ತಿದ್ದರು. ಬೆರಳಿನಿಂದ ತಳ್ಳುವಷ್ಟು ಸಡಿಲವಾದ ಗುಂಡು ಕುದುರೆಯ ಓಟಕ್ಕೋ ಪಕ್ಕದ ಚೇಂಬರ್ ಹಾರಿದ ಹೊಡೆತಕ್ಕೋ ಮುಂದೆ ಸರಿಯುವ ಭಯವಿತ್ತು. ಬೋಮಾಂಟ್-ಆಡಮ್ಸ್ ಎಂಬ ಮುಂದಿನ ಮಾದರಿಗೆ ಅವರೂ ಸನ್ನೆ ಸೇರಿಸಿದರು. ಅಲ್ಲಿಗೆ ಬಿಗಿ ಗುಂಡಿನ ಪಕ್ಷವೇ ಗೆದ್ದಿತೆನ್ನಬಹುದು.

ಬಿಗಿ ಏಕೆ ಬೇಕು ಎಂಬುದಕ್ಕೆ ಮೂರು ಕಾರಣಗಳನ್ನು ಕೊಡುತ್ತಾರೆ. ಪಕ್ಕದ ಚೇಂಬರಿನ ಕಿಡಿ ಗುಂಡಿನ ಅಂಚಿನಲ್ಲಿ ನುಸುಳಿ ಒಳಗಿನ ಮದ್ದನ್ನು ಮುಟ್ಟಬಾರದು. ಮುಟ್ಟಿದರೆ ನಳಿಗೆಯ ನೇರಕ್ಕಿಲ್ಲದ ಚೇಂಬರುಗಳೂ ಒಟ್ಟಿಗೆ ಹಾರುತ್ತವೆ, ಹಿಡಿದ ಕೈಗೆ ಅಪಾಯ. ಎರಡನೆಯದಾಗಿ ಹಿಮ್ಮೆಟ್ಟಿನ ಎಳೆತಕ್ಕೆ ಗುಂಡು ಮುಂದೆ ಜರುಗಿ ಸಿಲಿಂಡರಿನ ಮುಖದಿಂದ ಹೊರಚಾಚಿದರೆ ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುತ್ತದೆ. ಮೂರನೆಯದು ನಳಿಗೆಯೊಳಗಿನ ಹಿಡಿತದ ವಿಚಾರ, ಅದನ್ನು ಮುಂದೆ ಬೇರೆಯಾಗಿ ನೋಡೋಣ. ಕಿಡಿ ಮುಂದಿನಿಂದ ಬರುತ್ತದೆಯೋ, ಸಡಿಲ ಕೇಪು ಕಳಚಿದ ನಿಪ್ಪಲ್ಲಿನ ಹಿಂದಿನಿಂದ ಬರುತ್ತದೆಯೋ ಎಂಬ ಜಗಳ ಬಳಕೆದಾರರಲ್ಲಿ ಬಹಳ ಹಳೆಯದು. ಆ ಜಗಳಕ್ಕೆ ಸುಡುವ ಮದ್ದಿಲ್ಲದೆ ಇಳಿಯುವಂತಿಲ್ಲವಾದ್ದರಿಂದ ನಾನು ಮುಂದಿನ ಬಾಗಿಲನ್ನಷ್ಟೇ ಪರೀಕ್ಷಿಸಿದೆ.

ನಮ್ಮ ದೇಶದಲ್ಲಿ ರಿವಾಲ್ವರ್ ಎಂಬುದು 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಪರವಾನಗಿ ಬೇಡುವ ವಸ್ತು. ನನ್ನ ಬಳಿ ಅದಿಲ್ಲ, ಬೇಕೂ ಇಲ್ಲ. ನನಗೆ ಬೇಕಾಗಿದ್ದದ್ದು ಉಕ್ಕಿನ ತೂತಿಗೂ ಸೀಸದ ಗೋಳಕ್ಕೂ ನಡುವಿನ ಸಂಬಂಧ ಮಾತ್ರ. ಆದ್ದರಿಂದ ಯಾವ ಆಯುಧದ ಅಳತೆಗೂ ಹೊಂದದಂತೆ, ಆದರೆ ಹತ್ತಿರವಾಗಿರುವಂತೆ, 12 ಮಿಲಿಮೀಟರ್ ತೂತನ್ನು ಆರಿಸಿಕೊಂಡೆ. ಈ ಅಳತೆಯ ರೀಮರ್ (ಕೊರೆದ ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಯಾವ ಟೂಲ್ಸ್ ಅಂಗಡಿಯಲ್ಲೂ ಸಿಗುತ್ತದೆ, ಮತ್ತು ಎಚ್7 ಟಾಲರೆನ್ಸಿನಲ್ಲಿ ತೂತು 12.000ರಿಂದ 12.018ರೊಳಗೆ ಬರುತ್ತದೆ. ಇಎನ್8 ಉಕ್ಕಿನ ಒಂದು ದಪ್ಪ ತುಂಡಿನಲ್ಲಿ ಆರು ತೂತು ಕೊರೆಸಿದೆ: ಮೂರರ ಬಾಯಂಚು ಚೂಪಾಗಿಯೇ ಇರಲಿ, ಬರ್ (ಅಂಚಿನಲ್ಲಿ ಉಳಿದ ಲೋಹದ ಸಿಬಿರು) ಮಾತ್ರ ಎಣ್ಣೆಗಲ್ಲಿನಲ್ಲಿ ಹೋಗಲಿ ಎಂದೆ, ಉಳಿದ ಮೂರಕ್ಕೆ ಬಾಯಲ್ಲಿ ಸಣ್ಣ ಚಾಂಫರ್ (ಅಂಚಿನ ಇಳಿಜಾರು) ಹಾಕಿ ಬಫ್ ಮಾಡಿಸಿದೆ. ಶೆಡ್ಡಿನ ಹಿರಿಯ ಟರ್ನರ್ ಕೆಲಸದ ನಡುವೆ ಒಮ್ಮೆ ಕತ್ತೆತ್ತಿ, "ಸಾರ್, ಸೀಸ ಅಲ್ವಾ, ಬೆರಳಲ್ಲಿ ಒತ್ತಿದ್ರೂ ಬಗ್ಗುತ್ತೆ, ಇದಕ್ಕೆ ಮೈಕ್ರಾನ್ ಯಾಕೆ?" ಎಂದರು. ಪ್ರಶ್ನೆ ಸರಿಯಾದದ್ದೇ. ಸೀಸ ಬಗ್ಗುತ್ತದೆ, ಆದರೆ ಬಗ್ಗಿದ ಸೀಸ ಎಲ್ಲಿಗೋ ಹೋಗಬೇಕಲ್ಲ. ಎಲ್ಲಿಗೆ ಹೋಗುತ್ತದೆ ಎಂಬುದು ಬಾಯಂಚಿನ ಮೈಕ್ರಾನುಗಳ ಮೇಲೆಯೇ ನಿಂತಿದೆ.

ಗೋಳಗಳನ್ನು ಹೊಯ್ಯುವುದರಲ್ಲಿ ಲೇತ್ ಕೆಲಸಕ್ಕಿಂತ ಹೆಚ್ಚು ಹೊತ್ತು ಹೋಯಿತು. ಮೊದಲ ತೊಡಕು ಸೀಸವೇ. ಗುಜರಿ ಅಂಗಡಿಯಲ್ಲಿ ಸೀಸ ಬೇಕೆಂದರೆ ಹಳೆಯ ಬ್ಯಾಟರಿಯ ಪ್ಲೇಟನ್ನೋ ಕಾರಿನ ಚಕ್ರಕ್ಕೆ ಬ್ಯಾಲೆನ್ಸಿಂಗಿಗೆಂದು ಹಾಕುವ ತೂಕಗಳನ್ನೋ ಕೊಡುತ್ತಾರೆ. ಚಕ್ರದ ತೂಕಗಳಲ್ಲಿ ಆಂಟಿಮನಿ ಬೆರೆತಿರುತ್ತದೆ. ಶುದ್ಧ ಸೀಸದ ಬ್ರಿನೆಲ್ ಗಡಸುತನ ಸುಮಾರು 5 ಇದ್ದರೆ ಇವುಗಳದ್ದು ಅದರ ಇಮ್ಮಡಿಯಷ್ಟು. ಬ್ಯಾಟರಿಯ ಪ್ಲೇಟಿನ ಗೊಡವೆಗೆ ಹೋಗಲೇಬಾರದು, ಅದರ ಆಮ್ಲವೂ ಧೂಳೂ ಮನೆಯ ಒಲೆಯ ಹತ್ತಿರ ಬರಬಾರದ ವಸ್ತುಗಳು. ನನಗೆ ಒದಗಿದ್ದು ಹಳೆಯ ದೂರವಾಣಿ ಕೇಬಲ್ಲಿನ ಸೀಸದ ಹೊದಿಕೆ. ಉಗುರಿನಿಂದ ಗೀರಿದರೆ ಗುರುತು ಬೀಳುವಷ್ಟು ಮೆತ್ತಗಿತ್ತು. ಕರಗಿಸಿದ್ದು ಶೆಡ್ಡಿನ ಹೊರಗೆ, ಗಾಳಿಗೆ ಬೆನ್ನು ಕೊಟ್ಟು, ಕೈಗವಸು ಹಾಕಿ. ಮುಗಿದ ಮೇಲೆ ಕೈ ತೊಳೆಯದೆ ಕಾಫಿ ಲೋಟ ಮುಟ್ಟಕೂಡದೆಂಬ ಕಟ್ಟುನಿಟ್ಟು. ಒಂದು ಹನಿ ನೀರು ಕರಗಿದ ಸೀಸದ ಅಡಿಗೆ ಸೇರಿದರೆ ಆವಿಯಾಗಿ ಸಿಡಿದು ಸೀಸವನ್ನು ಮುಖಕ್ಕೆ ಎರಚುತ್ತದೆ, ಆದ್ದರಿಂದ ಅಚ್ಚನ್ನೂ ಸೌಟನ್ನೂ ಮೊದಲೇ ಕಾಯಿಸಿ ತೇವ ಆರಿಸಿಕೊಳ್ಳಬೇಕು.

ಎರಡನೆಯ ತೊಡಕು ಕುಗ್ಗುವಿಕೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗಿ ಕೋಣೆಯ ಉಷ್ಣತೆಗೆ ಇಳಿಯುವಾಗ ಉದ್ದಳತೆಯಲ್ಲಿ ಶೇಕಡಾ 0.9ರ ಹತ್ತಿರ ಕುಗ್ಗುತ್ತದೆ. 12.20 ಮಿಲಿಮೀಟರ್ ಗೋಳ ಬೇಕಾದರೆ ಅಚ್ಚು 12.3 ಇರಬೇಕು. ಅಲ್ಲದೆ ಕರಗಿದ್ದು ಗಟ್ಟಿಯಾಗುವಾಗಲೂ ಗಾತ್ರ ತಗ್ಗುವುದರಿಂದ, ಹೊಯ್ಯುವ ಬಾಯಿ ಬೇಗ ಮುಚ್ಚಿಕೊಂಡರೆ ಗೋಳದೊಳಗೆ ಕಣ್ಣಿಗೆ ಕಾಣದ ಪೊಳ್ಳು ಉಳಿಯುತ್ತದೆ. ಪೊಳ್ಳನ್ನು ಹಿಡಿಯಲು ಸುಲಭದ ದಾರಿ ತಕ್ಕಡಿ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, 12.20 ಮಿಲಿಮೀಟರಿನ ಗಟ್ಟಿ ಗೋಳ 10.78 ಗ್ರಾಂ ತೂಗಬೇಕು. ಅಳತೆ ಸರಿಯಿದ್ದೂ ತೂಕ ಕಡಿಮೆ ಬಂದದ್ದನ್ನು ಮರಳಿ ಮೂಸೆಗೆ ಹಾಕಿದೆ. ಅಮೆರಿಕದಲ್ಲಿ ತಾವೇ ಗುಂಡು ಹೊಯ್ದುಕೊಳ್ಳುವವರೂ ಇದೇ ಕ್ರಮ ಅನುಸರಿಸುತ್ತಾರೆ, 0.454 ಇಂಚಿನ ಶುದ್ಧ ಸೀಸದ ಗುಂಡಿಗೆ ಅವರ ಲೆಕ್ಕದಲ್ಲಿ ಸುಮಾರು 141 ಗ್ರೇನ್, ಅಂದರೆ 9.1 ಗ್ರಾಂ.

ಈಗ ಉಂಗುರದ ಲೆಕ್ಕಕ್ಕೆ ಬರೋಣ. ಒಂದು ಗೋಳ ಅದಕ್ಕಿಂತ ಕಿರಿದಾದ ತೂತಿನೊಳಗೆ ಇಳಿದಾಗ ಗೋಳದ ಹೊಟ್ಟೆಯ ಸುತ್ತ ಒಂದು ಚಪ್ಪಟೆ ಪಟ್ಟಿ ಮೂಡುತ್ತದೆ. ತೂತಿನ ಗೋಡೆಗೆ ತಾಗುವುದೂ ಅದನ್ನು ಮುಚ್ಚುವುದೂ ಆ ಪಟ್ಟಿಯೇ. ಗೋಳದ ವ್ಯಾಸದ ವರ್ಗದಿಂದ ತೂತಿನ ವ್ಯಾಸದ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ ಪಟ್ಟಿಯ ಅಗಲ ಸಿಗುತ್ತದೆ. 12.00ರ ತೂತಿಗೆ 12.05ರ ಗೋಳ ಒತ್ತಿದರೆ ಪಟ್ಟಿ 1.10 ಮಿಲಿಮೀಟರ್, 12.10ಕ್ಕೆ 1.55; 12.20ಕ್ಕೆ ಸರಿಯಾಗಿ 2.20. ಗಮನಿಸಬೇಕಾದದ್ದೇನೆಂದರೆ, ಹೆಚ್ಚುವರಿ ದಪ್ಪವನ್ನು ನಾಲ್ಕು ಪಟ್ಟು ಮಾಡಿದಾಗ ಪಟ್ಟಿ ಎರಡೇ ಪಟ್ಟು ಬೆಳೆಯಿತು. ಇನ್ನು ಕಳಚಿ ಬೀಳುವ ಉಂಗುರದ ಗಾತ್ರ ಪಟ್ಟಿಯ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ: ಅಗಲದ ಘನವನ್ನು ಪೈಯಿಂದ ಗುಣಿಸಿ ಆರರಿಂದ ಭಾಗಿಸಬೇಕು. ಗೋಳದ ವ್ಯಾಸ ಈ ಸೂತ್ರದಲ್ಲಿ ಬರುವುದೇ ಇಲ್ಲ. ಗೋಳ ಕಡಲೆಕಾಳಿನಷ್ಟಿರಲಿ ಹಲಸಿನ ಹಣ್ಣಿನಷ್ಟಿರಲಿ, ಪಟ್ಟಿಯ ಅಗಲ ಒಂದೇ ಆದರೆ ಉಂಗುರದ ಗಾತ್ರವೂ ಒಂದೇ. ರೇಖಾಗಣಿತ ಓದಿದವರಿಗೆ ಇದು ಹಳೆಯ ಚಮತ್ಕಾರ, ಆದರೆ ಅದನ್ನು ತಕ್ಕಡಿಯಲ್ಲಿಟ್ಟು ನೋಡುವ ಅವಕಾಶ ನನಗೆ ಇದೇ ಮೊದಲು ಸಿಕ್ಕಿದ್ದು.

ಲೆಕ್ಕದ ಪ್ರಕಾರ ಮೂರು ಗೋಳಗಳ ಉಂಗುರಗಳು ಕ್ರಮವಾಗಿ ಸುಮಾರು 8, 22 ಮತ್ತು 63 ಮಿಲಿಗ್ರಾಂ ತೂಗಬೇಕು. ಅಂದರೆ ಪಟ್ಟಿ ಎರಡು ಪಟ್ಟಾಗುವಷ್ಟರಲ್ಲಿ ಉಂಗುರ ಎಂಟು ಪಟ್ಟಾಗಿರುತ್ತದೆ. ಕಣ್ಣಿಗೆ ಬೀಳುವುದು ಉಂಗುರ. ಕೆಲಸ ಮಾಡುವುದು ಪಟ್ಟಿ. ಉಂಗುರವನ್ನು ನೋಡಿ ಬಿಗಿ ಅಂದಾಜಿಸುವವನು ಇಮ್ಮಡಿಯನ್ನು ಎಂಟುಮಡಿ ಎಂದು ಓದುತ್ತಿದ್ದಾನೆ.

ಪ್ರೆಸ್ಸಿನ ಕೆಳಗೆ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೈಯಿಂದ ತಿರುಗಿಸುವ ಸಣ್ಣ ಆರ್ಬರ್ ಪ್ರೆಸ್ಸಿನ ಮೇಜಿನ ಮೇಲೆ ಎಲೆಕ್ಟ್ರಾನಿಕ್ ತೂಕದ ಯಂತ್ರವಿಟ್ಟು, ಅದರ ಮೇಲೆ ಉಕ್ಕಿನ ತುಂಡಿಟ್ಟೆ. ಒತ್ತುವ ಬಲವನ್ನು ಕಿಲೋಗ್ರಾಮಿನಲ್ಲಿಯೇ ಓದಬಹುದು. ಚೂಪು ಬಾಯಿಯ ತೂತಿನಲ್ಲಿ ಬಲ ಸರಸರನೆ ಏರುತ್ತದೆ, ಸೀಸದ ಅಂಚು ಬಾಯಿಯ ಸುತ್ತ ತುಟಿಯಂತೆ ಮೇಲೆದ್ದು ಹೊಳೆಯುತ್ತದೆ, ಗೋಳ ಅರ್ಧ ದಾಟುವಾಗ ತುಟಿ ಸುರುಳಿಯಾಗಿ ಕಳಚಿಕೊಳ್ಳುತ್ತದೆ, ಬಲ ಒಮ್ಮೆಲೇ ಇಳಿದು ಬರಿಯ ಉಜ್ಜುವಿಕೆಯ ಮಟ್ಟಕ್ಕೆ ನಿಲ್ಲುತ್ತದೆ. ಉಂಗುರವನ್ನು ಚಿಮುಟದಲ್ಲಿ ಎತ್ತಿ ಮಿಲಿಗ್ರಾಂ ತಕ್ಕಡಿಗೆ ಹಾಕಿದರೆ ತೂಕ ಲೆಕ್ಕಕ್ಕಿಂತ ಸದಾ ಕಡಿಮೆ. 12.05ರ ಗೋಳದಲ್ಲಿ ಬಹಳಷ್ಟು ಸಲ ಉಂಗುರವೇ ಬರಲಿಲ್ಲ, ತುಣುಕು ತುಣುಕು ಪುಡಿ ಬಂತು. ದಪ್ಪ ಗೋಳದಲ್ಲಿ ತೂಕ ಲೆಕ್ಕದ ಹತ್ತಿರಕ್ಕೆ ಬಂತು. ಕೊರತೆಯಾದ ಸೀಸ ಎಲ್ಲಿಗೆ ಹೋಯಿತು? ಗೋಳವನ್ನು ಹಿಂದಿನಿಂದ ತಳ್ಳಿ ಹೊರತೆಗೆದು ವರ್ನಿಯರ್ ಹಿಡಿದಾಗ ಉತ್ತರ ಸಿಕ್ಕಿತು: ಪಟ್ಟಿಯ ಅಗಲ ಸೂತ್ರ ಹೇಳಿದ್ದಕ್ಕಿಂತ ಹೆಚ್ಚಿತ್ತು. ಹೆರೆದುಹೋಗದ ಸೀಸ ಗೋಡೆಯ ಗುಂಟ ಹಿಂದಕ್ಕೆ ಹರಿದು ಪಟ್ಟಿಯನ್ನೇ ಅಗಲಗೊಳಿಸಿತ್ತು.

ಚಾಂಫರ್ ಹಾಕಿ ಬಫ್ ಮಾಡಿದ ತೂತುಗಳಲ್ಲಿ ಇದು ಇನ್ನಷ್ಟು ಸ್ಪಷ್ಟವಾಯಿತು. ಅಲ್ಲಿ ಹೆರೆಯುವ ಅಂಚೇ ಇಲ್ಲ. ಗೋಳ ಇಳಿಜಾರಿನಲ್ಲಿ ಕುಳಿತು ನಿಧಾನವಾಗಿ ಹಿಸುಕಿಸಿಕೊಂಡು ಉದ್ದವಾಗುತ್ತದೆ. ಬಲ ಥಟ್ಟನೆ ಏರಿ ಬೀಳುವ ಬದಲು ಮೆಲ್ಲಗೆ ಏರಿ ನಿಲ್ಲುತ್ತದೆ. ಉಂಗುರ ಬೀಳುವುದೇ ಇಲ್ಲ. ಉಂಗುರದ ನಂಬಿಕೆಯವರು ನೋಡಿದರೆ ಗುಂಡು ಸಡಿಲವೆಂದು ಪೆಟ್ಟಿಗೆಗೆ ಮರಳಿಸುತ್ತಿದ್ದರು. ಆದರೆ ಹೊರತೆಗೆದ ಗೋಳದ ಪಟ್ಟಿ ಮೂರೂ ಅಳತೆಗಳಲ್ಲಿ ಚೂಪು ಬಾಯಿಯದ್ದಕ್ಕಿಂತ ಅಗಲ, ಮೈ ನುಣುಪು, ಗೋಳದ ತೂಕವೂ ಹೊಯ್ದಾಗ ಇದ್ದಷ್ಟೇ. ಕರಿಮದ್ದಿನ ರಿವಾಲ್ವರ್ ಬಳಸುವವರಲ್ಲಿ ಕೆಲವರು ಚೇಂಬರುಗಳ ಬಾಯಿಗೆ ಚಾಂಫರ್ ಹಾಕಿಸುವುದು ಇದಕ್ಕೇ. ಮೂಲರೂಪ ಕೆಡಿಸಬಾರದೆನ್ನುವವರು ಅದನ್ನು ಒಪ್ಪುವುದಿಲ್ಲ. ನೂರೈವತ್ತು ವರ್ಷ ಹಳೆಯ ಅಸಲಿ ವಸ್ತುವಾದರೆ ನಾನೂ ಒಪ್ಪುವುದಿಲ್ಲ. ಕಾರ್ಖಾನೆಯಿಂದ ನಿನ್ನೆ ಬಂದ ಪ್ರತಿಕೃತಿಗೆ ಆ ಮಡಿ ಏಕೆಂದು ಅರ್ಥವಾಗುವುದಿಲ್ಲ.

ಸೋರಿಕೆಯನ್ನು ನೋಡಲು ತೂತುಗಳ ಇನ್ನೊಂದು ತುದಿಗೆ ಗಾಳಿ ಕೊಳವೆಯ ನಿಪ್ಪಲ್ ಜೋಡಿಸಿ ಕಂಪ್ರೆಸರಿನ ಗಾಳಿ ಬಿಟ್ಟು, ಉಕ್ಕಿನ ತುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಪರೀಕ್ಷಿಸುವ ವಿಧಾನವೇ. ಉರಿಯುವ ಮದ್ದಿನ ಒತ್ತಡದ ಮುಂದೆ ಈ ಗಾಳಿ ಏನೇನೂ ಅಲ್ಲ, ಆದ್ದರಿಂದ ಇಲ್ಲಿ ಗುಳ್ಳೆ ಬರದಿದ್ದರೆ ಅಲ್ಲಿಯೂ ಭದ್ರವೆಂದು ಹೇಳಲಾಗದು. ಇಲ್ಲಿಯೇ ಗುಳ್ಳೆ ಬಂದರೆ ಮಾತ್ರ ಅಲ್ಲಿ ದಾರಿಯಿದೆಯೆಂದು ಖಚಿತವಾಗಿ ಹೇಳಬಹುದು. ಗುಳ್ಳೆಗಳು ದಪ್ಪ ತೆಳುವಿನ ಕ್ರಮದಲ್ಲಿ ಬರಲಿಲ್ಲ. ಚೊಕ್ಕವಾಗಿ ಹೊಯ್ದ 12.05ರ ಗೋಳ ಒಂದು ಗುಳ್ಳೆಯನ್ನೂ ಬಿಡದೆ ಹಿಡಿದುಕೊಂಡಿತು. ಅಚ್ಚಿನ ಎರಡು ಹೋಳು ಕೂಡುವಲ್ಲಿ ಉಳಿಯುವ ಗೆರೆ ಪಟ್ಟಿಯನ್ನು ಅಡ್ಡ ಹಾಯ್ದಿದ್ದ ಗೋಳ, ತೆಳುವಿನದಾದರೆ ಆ ಒಂದೇ ಜಾಗದಿಂದ ಸಾಲಾಗಿ ಗುಳ್ಳೆ ಬಿಟ್ಟಿತು. ದಪ್ಪದ್ದರಲ್ಲಿ ಗೆರೆ ಹೆರೆತದೊಂದಿಗೇ ಅಳಿಸಿಹೋಗಿ ಗುಳ್ಳೆ ನಿಂತಿತು. ಹೊಯ್ದ ಬಾಯಿಯ ಚಪ್ಪಟೆ ಗುರುತು ಪಕ್ಕಕ್ಕೆ ತಿರುಗಿ ಗೋಡೆಗೆ ಬಂದಾಗ ಯಾವ ಅಳತೆಯದಾದರೂ ಕಷ್ಟ. ಅದಕ್ಕೇ ಅನುಭವಿಗಳು ಆ ಗುರುತನ್ನು ಮೇಲ್ಮುಖವಾಗಿ ನಡುವಿಗೆ ಬರುವಂತೆ ಇಟ್ಟು ಒತ್ತುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ತೂತಿನದೇ ಗೀರು. ಒಂದು ಪಕ್ಕದಲ್ಲಿ ರೀಮರಿಗೆ ಚೂರು ಸಿಕ್ಕಿ ಉದ್ದುದ್ದಕ್ಕೆ ಗೆರೆ ಎಳೆದಂತಿದ್ದ ತೂತೊಂದನ್ನು ಬೇಕೆಂದೇ ಹಾಗೆ ಉಳಿಸಿಕೊಂಡಿದ್ದೆ. ಅದರಲ್ಲಿ 12.20ರ ಗೋಳ, ದಪ್ಪ ಉಂಗುರ ಉದುರಿಸಿ ಕೂತ ಮೇಲೆಯೂ, ಗೀರಿನ ನೇರಕ್ಕೆ ಗುಳ್ಳೆ ಬಿಡುತ್ತಲೇ ಇತ್ತು. ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ನಿಲ್ಲುತ್ತಿತ್ತು. ಗುಂಡಿನ ಮೇಲೆ ಗ್ರೀಸ್ ಬಳಿಯುವ, ಅಥವಾ ಗುಂಡಿನ ಕೆಳಗೆ ಜಿಡ್ಡು ಸವರಿದ ಫೆಲ್ಟಿನ ಬಿಲ್ಲೆ ಇಡುವ ರೂಢಿಯನ್ನು ಕೆಲವರು ಅನಗತ್ಯವೆನ್ನುತ್ತಾರೆ. ಸರಿಯಾದ ಗುಂಡು, ಸರಿಯಾದ ಚೇಂಬರ್ ಇದ್ದರೆ ಅನಗತ್ಯವೇ ಇರಬಹುದು. ಚೇಂಬರ್ ಸರಿಯಿದೆಯೆಂದು ನೋಡಿದವರೆಷ್ಟು ಮಂದಿ ಎಂಬುದು ನನ್ನ ಪ್ರಶ್ನೆ.

ನೋಡುವುದೂ ಅಂದುಕೊಂಡಷ್ಟು ಸುಲಭವಲ್ಲ. ಎರಡು ತುಟಿಯ ಡ್ರಿಲ್ ಕೊರೆದ ತೂತು ಹಲವು ವೇಳೆ ಪೂರ್ಣ ವೃತ್ತವಾಗದೆ ಮೂರು ಮೂಲೆ ಉಬ್ಬಿದಂತೆ ಬರುತ್ತದೆ. ಅಂಥ ತೂತಿಗೆ ವರ್ನಿಯರಿನ ಎರಡು ದವಡೆ ಇಟ್ಟು ಯಾವ ದಿಕ್ಕಿನಲ್ಲಿ ಅಳೆದರೂ ಒಂದೇ ಅಳತೆ ಬರುತ್ತದೆ, ಏಕೆಂದರೆ ಉಬ್ಬಿನ ಎದುರಿಗೆ ತಗ್ಗು ಬರುತ್ತದೆ. ಮೂರು ಬಿಂದುಗಳಲ್ಲಿ ತಾಗುವ ಬೋರ್ ಗೇಜ್ ಬೇಕು. ಅದಿಲ್ಲದವರಿಗೆ ಮೆತ್ತನೆಯ ಸೀಸವೇ ಗೇಜು: ಮದ್ದಿಲ್ಲದ ಖಾಲಿ ಸಿಲಿಂಡರನ್ನು ಬಿಚ್ಚಿ ತೆಗೆದು, ಪ್ರತಿ ಚೇಂಬರಿಗೂ ಒಂದೊಂದು ಗುಂಡು ಒತ್ತಿ ನಿಪ್ಪಲ್ ಕಳಚಿದ ತೂತಿನಿಂದ ಹಿತ್ತಾಳೆಯ ಕಡ್ಡಿಯಲ್ಲಿ ಹೊರತಳ್ಳಿದರೆ ಚೇಂಬರಿನ ಆಕಾರದ ನಕಲು ಕೈಗೆ ಸಿಗುತ್ತದೆ. ನಳಿಗೆಗೂ ಹೀಗೆಯೇ ಮಾಡುತ್ತಾರೆ, ಆದರೆ ಕೋಲ್ಟಿನ ನಳಿಗೆಯಲ್ಲಿ ಏಳು ಗಾಡಿಗಳು, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ತೋಡುಗಳು, ಇರುವುದರಿಂದ ಸಾಮಾನ್ಯ ಮೈಕ್ರೋಮೀಟರ್ ಎದುರುಬದುರಿನ ಗಾಡಿಗಳನ್ನು ಹಿಡಿಯಲಾರದು, ವಿ ಆಕಾರದ ದವಡೆಯುಳ್ಳದ್ದು ಬೇಕು.

ನಳಿಗೆಯ ಮಾತು ಬಂದದ್ದರಿಂದ ಮೂರನೆಯ ಕಾರಣವನ್ನೂ ಮುಗಿಸುತ್ತೇನೆ. ಒತ್ತಿದ ಗುಂಡು ಚೇಂಬರಿನ ಅಳತೆಗೆ ಇಳಿಯುತ್ತದೆ, ಅಂಗಡಿಯಲ್ಲಿ 0.451 ಎಂದು ಕೊಂಡದ್ದಾಗಲಿ 0.454 ಎಂದು ಕೊಂಡದ್ದಾಗಲಿ, ಚೇಂಬರ್ 0.446 ಇದ್ದರೆ ನಳಿಗೆಗೆ ಹೋಗುವುದು 0.446ರ ಗುಂಡೇ. ನಳಿಗೆಯ ಗಾಡಿಯ ಅಳತೆ 0.451 ಆಗಿದ್ದರೆ ಗುಂಡು ಅದರೊಳಗೆ ಸಡಿಲ. ಮದ್ದಿನ ಒತ್ತಡಕ್ಕೆ ಮೆತ್ತನೆಯ ಸೀಸ ಸ್ವಲ್ಪ ಉಬ್ಬಿ ಈ ಕೊರತೆ ತುಂಬಿಕೊಳ್ಳುತ್ತದೆ, ಗಡಸು ಸೀಸ ತುಂಬಿಕೊಳ್ಳುವುದಿಲ್ಲ. ಗುರಿ ಚದುರುವುದಕ್ಕೆ ಗುಂಡನ್ನು ದೂರುವವರು ಮೊದಲು ಚೇಂಬರನ್ನೂ ನಳಿಗೆಯನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆಯುವುದು ಒಳ್ಳೆಯದು. ದಪ್ಪ ಗುಂಡು ಕೊಂಡರೆ ಈ ಕೊರತೆ ನೀಗುತ್ತದೆಂಬ ಭ್ರಮೆ ಬಹಳ ಕಡೆ ಕಂಡಿದ್ದೇನೆ. 1972ರಿಂದ 2008ರವರೆಗೆ ತಯಾರಾದ ರೂಗರ್ ಓಲ್ಡ್ ಆರ್ಮಿ ರಿವಾಲ್ವರಿಗೆ 0.457 ಇಂಚಿನ ಗುಂಡನ್ನು ಸೂಚಿಸಿದ್ದು ಅದರ ಚೇಂಬರುಗಳೇ ದೊಡ್ಡವಾದ್ದರಿಂದ.

ಹಿಂದಿನಿಂದ ತಳ್ಳಿ ಹೊರತೆಗೆಯುವ ಬಲವನ್ನೂ ಅದೇ ತೂಕದ ಯಂತ್ರದ ಮೇಲೆ ನೋಡಿದೆ. ಪಟ್ಟಿ ಅಗಲವಾದಂತೆ ಹಿಡಿತ ಹೆಚ್ಚಿತು, ಚಾಂಫರಿನ ತೂತುಗಳು ಚೂಪು ಬಾಯಿಯವನ್ನು ಮೀರಿಸಿದವು. ಎಣ್ಣೆ ಸವರಿದ ತೂತಿನಲ್ಲಿ ಹಿಡಿತ ಗಣನೀಯವಾಗಿ ಕುಸಿಯಿತು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತಳ್ಳಿದರೆ ಅದೇ ಅಳತೆಯ ಗೋಳ ಒಂದಿಷ್ಟು ಸುಲಭವಾಗಿ ಜಾರಿತು. ಸೀಸಕ್ಕೆ ನಮ್ಮ ಕೋಣೆಯ ಉಷ್ಣತೆಯೇ ಬಿಸಿ: ನಿರಪೇಕ್ಷ ಮಾನದಲ್ಲಿ ಅದು ಕರಗುವ ಉಷ್ಣತೆಯ ಅರ್ಧದಷ್ಟಿದೆ, ಆದ್ದರಿಂದ ಒಳಗೆ ಉಳಿದ ಒತ್ತಡ ಹೊತ್ತು ಕಳೆದಂತೆ ತಾನಾಗಿ ಇಳಿಯುತ್ತದೆ. ಗೋಡೆಯನ್ನು ಮುಚ್ಚುವ ಕೆಲಸಕ್ಕೆ ಇದರಿಂದ ತೊಂದರೆಯಾದದ್ದು ಕಾಣಲಿಲ್ಲ, ಗುಳ್ಳೆಗಳು ಬೆಳಿಗ್ಗೆಯೂ ಬರಲಿಲ್ಲ.

ಭಾವಮೈದುನನಿಗೆ ಈ ಅಳತೆಗಳನ್ನು ಅವನ ಇಂಚಿಗೆ ಇಳಿಸಿ ಬರೆದು ಕಳಿಸಿದೆ. ಚೇಂಬರ್ 0.446 ಇದ್ದರೆ 0.451ರ ಗುಂಡಿನ ಪಟ್ಟಿ 1.70 ಮಿಲಿಮೀಟರ್, 0.454ರದು 2.16, ಉಂಗುರ ಮಾತ್ರ 29 ಮಿಲಿಗ್ರಾಮಿನಿಂದ 59ಕ್ಕೆ, ಸುಮಾರು ಇಮ್ಮಡಿಗೆ ಏರುತ್ತದೆ. ಪಟ್ಟಿಯ ಕಾಲುಭಾಗದಷ್ಟು ಲಾಭಕ್ಕಾಗಿ ಸನ್ನೆಯ ಮೇಲೆ ಅಷ್ಟು ಹೆಚ್ಚು ಜೋರು ಹಾಕುವ ಅಗತ್ಯವಿಲ್ಲ, 0.451 ಸಾಕು. ಚೇಂಬರ್ 0.450 ಇದ್ದರೆ ಚಿತ್ರ ಬೇರೆ: 0.451ರ ಪಟ್ಟಿ 0.76 ಮಿಲಿಮೀಟರ್ ಮಾತ್ರ, ಮತ್ತು ಆರು ಚೇಂಬರುಗಳಲ್ಲಿ ಒಂದು ಅರ್ಧ ಥೌ ದೊಡ್ಡದಾಗಿದ್ದರೂ ಅದು 0.54ಕ್ಕೆ ಇಳಿಯುತ್ತದೆ. ಅಲ್ಲಿ 0.454 ಕೊಡುವ 1.53 ಮಿಲಿಮೀಟರ್ ಪಟ್ಟಿ ಚೇಂಬರಿನಿಂದ ಚೇಂಬರಿಗಿರುವ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಅವನು ಸಿಲಿಂಡರ್ ಬಿಚ್ಚಿ ಆರೂ ಚೇಂಬರುಗಳ ಸೀಸದ ನಕಲು ತೆಗೆದು ಅಳತೆ ಕಳಿಸಿದ. ಐದು ಒಂದೇ ಅಳತೆ, 0.449ರ ಆಸುಪಾಸು, ಆರನೆಯದು ತುಸು ದೊಡ್ಡದು. 0.454 ಕೊಳ್ಳು, ಮೆತ್ತನೆಯ ಸೀಸದ್ದೇ ಕೊಳ್ಳು, ಆರನೆಯದಕ್ಕೆ ಗ್ರೀಸ್ ಮರೆಯಬೇಡ ಎಂದೆ.

ಈಗ ಅವನ ಆಸೆ ಶಂಕುವಿನಾಕಾರದ ಗುಂಡಿನ ಮೇಲೆ ಬಿದ್ದಿದೆ. ಅದರ ಬುಡವನ್ನು ಚೇಂಬರಿಗಿಂತ ಕಿರಿದು ಮಾಡಿರುತ್ತಾರೆ, ಕೈಯಿಂದಲೇ ನೇರ ನಿಲ್ಲಲಿ ಎಂದು. ಮೇಲಿನ ಪಟ್ಟಿಗಳು ಮಾತ್ರ ದಪ್ಪ. ಗೋಳ ಹೇಗೆ ಕೂತರೂ ಗೋಳವೇ, ಇದು ಓರೆಯಾಗಿ ಇಳಿದರೆ ಒಂದು ಪಕ್ಕ ಹೆಚ್ಚು ಹೆರೆದು ಇನ್ನೊಂದು ಪಕ್ಕ ಕಡಿಮೆ ಹೆರೆಯುತ್ತದೆ. ಬಿದ್ದ ಉಂಗುರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬಂದರೆ ಓರೆಯ ಸುಳಿವು ಅದೇ. ಉಂಗುರವನ್ನು ಕೂಲಂಕಷವಾಗಿ ನೋಡಬೇಕಾದದ್ದು ಈ ಒಂದು ಸಂದರ್ಭದಲ್ಲಿ ಎಂದು ನನ್ನ ಅಭಿಪ್ರಾಯ. ಉಕ್ಕಿನ ತುಂಡು ಇನ್ನೂ ಶೆಡ್ಡಿನಲ್ಲೇ ಇದೆ; ಶಂಕುವಿನ ಅಚ್ಚಿಗೆ ಅಲ್ಯೂಮಿನಿಯಂ ಬ್ಲಾಕ್ ಹೇಳಿಟ್ಟಿದ್ದೇನೆ.